ತೊಂಡೆಯ ತುದಿ

ಈ ಕತೆಯಲ್ಲಿ ಬರುವ ಕಹಿ ಬಳ್ಳಿಗೆ ನನ್ನ ತವರಿನಲ್ಲಿ ಬೇರೆ ಹೆಸರಿತ್ತು. ಕಿರು... ಕಿರಿ... ಬಾಯಿಗೆ ಬರುತ್ತಿಲ್ಲ. ಆ ಊರು ಬಿಟ್ಟು ಐವತ್ತು ವರ್ಷವಾಯಿತು. ಇಲ್ಲಿ ಯಾರನ್ನಾದರೂ ಕೇಳೋಣವೆಂದರೆ ಆ ಬಳ್ಳಿಯನ್ನು ಕಂಡವರಿಲ್ಲ. ಕಾಡುಪಡವಲ ಎಂದೇ ಬರೆಯುತ್ತೇನೆ.

ಮದ್ದು ಕಲಿಸುವ ಗುರುವಿನ ಬಳಿ ಇಬ್ಬರು ಶಿಷ್ಯರಿದ್ದರು. ಒಂದು ಬೆಳಗ್ಗೆ ಕಿರಿಯವನು ಬಟ್ಟೆಯ ಗಂಟನ್ನು ಕಂಕುಳಲ್ಲಿ ಹಿಡಿದು ಬಂದು ನಿಂತ.

"ಗುರುಗಳೇ, ನಾನು ತಂದ ಒಂದೊಂದು ಬೇರನ್ನೂ ಹಿರಿಯಣ್ಣ ಮುರಿದು ಮೂಸಿ ನೋಡುತ್ತಾರೆ. ಮೂರು ವರ್ಷದಿಂದ ಇದೇ ಆಯಿತು. ನಂಬಿಕೆಯಿಲ್ಲದ ಕಡೆ ನಾನು ಏಕಿರಬೇಕು?"

ಗುರು ಕುಳಿತುಕೋ ಎಂದರು. ಅವನು ಗಂಟನ್ನು ಕೆಳಗಿಡದೆಯೇ ಕುಳಿತ. ಅವರು ಹೇಳಿದರು:

ಒಬ್ಬ ರೈತನ ಮನೆಗೆ ಸೊಸೆ ಬಂದಳು. ಆ ಮನೆಯ ಬೇಲಿಯಲ್ಲಿ ಎರಡು ಬಗೆಯ ಬಳ್ಳಿಗಳು ಒಂದರೊಳಗೊಂದು ಹೆಣೆದುಕೊಂಡಿದ್ದವು. ಒಂದು ತೊಂಡೆ, ಇನ್ನೊಂದು ಕಾಡುಪಡವಲ. ಎರಡರ ಕಾಯಿಯೂ ಹಸಿರು, ಎರಡಕ್ಕೂ ಬಿಳಿ ಗೀರು, ಹಣ್ಣಾದರೆ ಎರಡೂ ಕೆಂಪು. ಕಾಡುಪಡವಲ ಒಂದೇ ಒಂದು ಬಿದ್ದರೂ ಪಲ್ಯವೆಲ್ಲ ಕಹಿ, ತಿಂದ ಮಕ್ಕಳಿಗೆ ವಾಂತಿ.

ಅತ್ತೆ ಸೊಸೆಯನ್ನು ಬೇಲಿಯ ಬಳಿಗೆ ಕರೆದುಕೊಂಡು ಹೋಗಿ ತೋರಿಸಿದಳು. ತೊಂಡೆಯ ಹೂವಿನ ಅಂಚು ನುಣುಪು, ಹಗಲಲ್ಲೂ ಅರಳಿರುತ್ತದೆ. ಕಾಡುಪಡವಲದ ಹೂವಿನ ಅಂಚು ನೂಲು ನೂಲು, ಮುಸ್ಸಂಜೆಗೆ ಅರಳಿ ಬೆಳಗಾದರೆ ಮುದುಡುತ್ತದೆ. ತೊಂಡೆಯ ತುದಿ ಮೊಂಡು. ಕಾಡುಪಡವಲದ ಕಾಯಿಯ ತುದಿಗೆ ಕೊಕ್ಕಿನಂಥ ಮೂತಿ.

ಸೊಸೆ ಬೇಗ ಕಲಿತಳು. ಸಂಜೆ ಬೇಲಿಗೆ ಹೋಗಿ ನೂಲುಹೂವಿನ ಬಳ್ಳಿಗೆಲ್ಲ ಹುಲ್ಲಿನ ಗಂಟು ಕಟ್ಟಿ ಬರುವಳು. ಮರುದಿನ ಗಂಟಿಲ್ಲದ ಬಳ್ಳಿಯಿಂದ ಮಾತ್ರ ಕೀಳುವಳು. ಆದರೂ ಅತ್ತೆ ಈಳಿಗೆಮಣೆಯ ಮುಂದೆ ಕುಳಿತು ಒಂದೊಂದು ಕಾಯಿಯ ತುದಿಯನ್ನೂ ಕೊಯ್ದು ನಾಲಿಗೆಗೆ ಮುಟ್ಟಿಸುವಳು. ಎಂಟು ವರ್ಷ ಒಂದು ದಿನವೂ ಬಿಡಲಿಲ್ಲ.

ನೆರೆಮನೆಯವಳು ನಗುತ್ತಿದ್ದಳು. "ಇವತ್ತೂ ರುಚಿ ನೋಡಿದರೇನೇ ನಿಮ್ಮತ್ತೆ? ಮಗನನ್ನು ಕೊಟ್ಟರು, ನಂಬಿಕೆಯನ್ನು ಮಾತ್ರ ಬೀಗ ಹಾಕಿ ಇಟ್ಟುಕೊಂಡರು ನೋಡು!"

ಸೊಸೆ ಒಂದು ದಿನ ಬುಟ್ಟಿಯನ್ನು ಅತ್ತೆಯ ಮುಂದೆ ಕುಕ್ಕಿದಳು.

"ಅತ್ತೆ, ನನಗೆ ಬೇರೆ ಒಲೆ ಹೂಡಿಕೊಡಿ. ಎಂಟು ವರ್ಷದಲ್ಲಿ ಒಂದಾದರೂ ಕಹಿ ಕಾಯಿ ತಂದಿದ್ದೇನೆಯೇ?"

"ತಂದಿದ್ದೀಯ" ಎಂದಳು ಅತ್ತೆ.

ಅತ್ತೆ ಎದ್ದು ಸೊಸೆಯ ಕೈ ಹಿಡಿದು ಬೇಲಿಯ ಮೂಲೆಗೆ ನಡೆಸಿ, ಒಂದು ಬಳ್ಳಿಯನ್ನು ಎತ್ತಿ ತೋರಿಸಿದಳು. "ಇದು ಯಾವುದು, ಹೇಳು."

ಸೊಸೆ ಹೂವನ್ನು ನೋಡಿದಳು. ಅಂಚು ನುಣುಪಾಗಿತ್ತು. ಕಾಯಿಯ ತುದಿಯನ್ನು ಸವರಿದಳು. ಮೊಂಡಾಗಿತ್ತು. "ತೊಂಡೆ" ಎಂದಳು.

"ಕಚ್ಚು."

ಅವಳು ಕಚ್ಚಿ, ಥೂ ಎಂದು ಉಗಿದಳು.

"ತೊಂಡೆಯೇ ಅದು" ಎಂದಳು ಅತ್ತೆ. "ನಿನ್ನ ಕಣ್ಣು ತಪ್ಪಿಲ್ಲ. ಹಕ್ಕಿ ಬೀಜ ಉದುರಿಸುತ್ತದೆ, ಮಳೆಗೆ ಹೊಸ ಬಳ್ಳಿ ಏಳುತ್ತದೆ. ತೊಂಡೆಯಲ್ಲೇ ಒಂದೊಂದು ಬಳ್ಳಿ ಹೀಗೆ ಹುಟ್ಟಾ ಕಹಿ. ಹೂವೂ ಹೇಳುವುದಿಲ್ಲ, ಕಾಯಿಯೂ ಹೇಳುವುದಿಲ್ಲ. ಯಾರಾದರೂ ಒಬ್ಬರ ನಾಲಿಗೆ ಹಾಳಾಗಬೇಕು."

"ನಿಮ್ಮ ಮುಖದಲ್ಲಿ ನಾನು ಒಂದು ದಿನವೂ ಕಹಿ ಕಾಣಲಿಲ್ಲವಲ್ಲ ಅತ್ತೆ! ಆ ಕಾಯಿಗಳನ್ನು ಏನು ಮಾಡಿದಿರಿ?"

"ಸೆರಗಿನಲ್ಲಿ ಸುತ್ತಿ ತಿಪ್ಪೆಗೆ ಎಸೆದೆ. ನೀನು ಕಂಡಿದ್ದರೆ ಮರುದಿನ ಬೇಲಿಗೆ ಕೈ ಹಾಕುವಾಗ ಹೆದರುತ್ತಿದ್ದೆ. ಹೆದರಿದ ಕೈ ಒಳ್ಳೆಯ ಕಾಯಿಯನ್ನೂ ಬಿಟ್ಟು ಬರುತ್ತದೆ ಕಣೇ."

ಸೊಸೆ ಬೇರೆ ಒಲೆಯ ಮಾತನ್ನು ಮತ್ತೆ ಎತ್ತಲಿಲ್ಲ. ಮರುದಿನ ಈಳಿಗೆಮಣೆಯ ಮುಂದೆ ಅತ್ತೆಗಿಂತ ಮೊದಲು ತಾನೇ ಹೋಗಿ ಕುಳಿತಳು. ಅತ್ತೆ "ಏಳೇ, ನಿನಗಿನ್ನೂ ಊಟ ರುಚಿಸುವ ವಯಸ್ಸು" ಎಂದು ಗದರಿ ಎಬ್ಬಿಸಿದಳು.

ಗುರು ಕತೆ ನಿಲ್ಲಿಸಿದರು. ಶಿಷ್ಯ ಮೆಲ್ಲಗೆ ಕೇಳಿದ.

"ಹಾಗಾದರೆ ನಾನು ತಂದ ಬೇರುಗಳಲ್ಲೂ ತಪ್ಪು ಬೇರು ಇತ್ತೇ, ಗುರುಗಳೇ?"

ಗುರು ಹೇಳಿದರು: "ಅದನ್ನು ನಿನ್ನ ಹಿರಿಯಣ್ಣ ಈ ಮೂರು ವರ್ಷದಲ್ಲಿ ನನಗೂ ಹೇಳಿಲ್ಲ."