ಕೊನೆಯ ಲೋಟದ ಪಾನಕ

ನಾನು ಮೊದಲು ಮನೆ ಬಿಟ್ಟು ಹೊರಟದ್ದು ಒಂದು ಶ್ರಾವಣ ಶುಕ್ರವಾರ, ಇದೇ ದೀಪದ ಮುಂದಿನಿಂದ ಎದ್ದು. ಅಂದು ದೊಡ್ಡವ್ವ ನಮ್ಮವ್ವನಿಗೆ ನೀರು ಬೆರೆಸಿದ ಪಾನಕ ಕೊಟ್ಟಳು; ಮನೆಯವರೆಲ್ಲ, ಮನೆಯ ಸಾಮರಸ್ಯ ಕೆಡಿಸಬೇಡ, ಸುಮ್ಮನೆ ಕುಡಿ ಅಂದರು. ನನ್ನಂಥ ಸ್ಕೂಲು ಬಿಟ್ಟವನಿಗೂ ಆ ಮಾತಿನ ಅರ್ಥ ಗೊತ್ತು. ಇವತ್ತಿನ ವ್ರತದ ಕಥೆ ನಾನು ಹೇಳುತ್ತೇನೆ, ಕೈಯಲ್ಲಿ ಅಕ್ಷತೆ ಹಿಡಿದು ಕೇಳಿರಿ.

ಹೊಳೆಯ ದಡದ ಊರೊಂದರಲ್ಲಿ ಅಣ್ಣತಮ್ಮಂದಿರು ಒಂದೇ ಮನೆಯಲ್ಲಿರಲಾಗಿ, ಹಿರಿಯ ಸೊಸೆ ಚೆನ್ನಾಂಬೆ ತವರಿನ ಸಿರಿಯಿಂದ ಬೀಗಿ, ಕಿರಿಯಳಾದ ನೀಲವ್ವನನ್ನು ಹೀಗಳೆಯುತ್ತಿದ್ದಳು. ಆ ಮನೆಯವರು ಸಮರಸಗೌರಿಯ ವ್ರತ ಹಿಡಿದಿದ್ದರು. ಸಮರಸವೆಂದರೆ ಸಮನಾದ ರಸ. ಸಾಮರಸ್ಯವೆಂಬ ಮಾತು ಹುಟ್ಟಿದ್ದೇ ಅದರಿಂದ. ಒಂದೇ ಕೊಡದಲ್ಲಿ ಪಾನಕ ಕಲಸಿ, ಎಲ್ಲರಿಗೂ ಹಂಚಿ, ಕೊನೆಯ ಲೋಟವನ್ನು ಕಲಸಿದವಳೇ ಕುಡಿಯಬೇಕೆಂಬುದು ಅಲ್ಲಿನ ಕಟ್ಟಳೆ. ಚೆನ್ನಾಂಬೆಯೋ ತನ್ನ ಕಡೆಯವರಿಗೆಲ್ಲ ಗಟ್ಟಿಯಾಗಿ ಬಗ್ಗಿಸಿ, ಉಳಿದ ತಳಕ್ಕೆ ಬಾವಿನೀರು ಸುರಿದು, ಕೊನೆಯ ಲೋಟವನ್ನು ನೀಲವ್ವನ ಮುಂದೆ ಕುಕ್ಕಿ, "ನಿಮ್ಮಪ್ಪನ ಮನೆಯಲ್ಲಿ ಬೆಲ್ಲದ ಬಣ್ಣವಾದರೂ ಕಂಡಿದ್ದೆಯೇನೇ?" ಎಂದಳು. ನೀಲವ್ವ ಲೋಟ ಮುಟ್ಟದೆ ಎದ್ದು ತವರಿಗೆ ನಡೆದಳು.

ದೇವಿ ಮುನಿದಳು. ಚೆನ್ನಾಂಬೆಯ ನಾಲಿಗೆಯ ರುಚಿ ಸತ್ತು, ಹೋಳಿಗೆ ಮಣ್ಣಾಗಿ, ತುಪ್ಪ ಸುಣ್ಣದ ನೀರಾಗಿ, ಉಂಡದ್ದು ಮೈಗೆ ಹತ್ತದೆ, ಎದೆಹಾಲು ಬತ್ತಿ ಕಂಕುಳ ಕೂಸು ಅತ್ತು ಅತ್ತು ಸೊರಗಿತು. ಗಂಡ ಹೆದರಿ ನೀಲವ್ವನಲ್ಲಿಗೆ ಹೋಗಿ, ಸಾಮರಸ್ಯಕ್ಕಾಗಿ ನೀನೇ ಒಂದಿಷ್ಟು ಬಗ್ಗು ತಾಯಿ ಎಂದು ಬೇಡಿದನು.

"ಬಗ್ಗೋದು ನಾನು, ಸಾಮರಸ್ಯ ನಿಮ್ಮದಾ ಭಾವ? ನಂಗೆ ಕೊಟ್ಟ ಪಾನಕ ಅಕ್ಕ ಒಂದ್ಸಲ ಕುಡೀಲಿ. ಆಮೇಲೆ ಮಾತು."

ಅವನು ಮನೆಗೆ ಬಂದು, ಅಂದಿನಂತೆಯೇ ನೀರು ಬೆರೆಸಿ ಹೆಂಡತಿಯ ಕೈಗಿಟ್ಟನು. ಅವಳು ಮೊದಲು ಉರಿದೆದ್ದರೂ, ಕೂಸಿನ ಅಳು ಕೇಳಲಾರದೆ ಕುಡಿದಳು. ಏನೂ ತಿಳಿಯದಿದ್ದ ನಾಲಿಗೆಗೆ ಸಪ್ಪೆ ಮಾತ್ರ ತಿಳಿಯಿತು, ನುಂಗುವುದೇ ಕಷ್ಟವಾಯಿತು. ಆಗ ಚೆನ್ನಾಂಬೆ ತಾನೇ ಕಾಲ್ನಡಿಗೆಯಲ್ಲಿ ಹೋಗಿ, ತಪ್ಪಾಯಿತೆಂದು ನೀಲವ್ವನನ್ನು ಕರೆತಂದು, ಒಂದೇ ಕೊಡದಲ್ಲಿ ಕಲಸಿ, ಮೊದಲ ಲೋಟ ಅವಳಿಗೆ ಕೊಟ್ಟು ಕೊನೆಯದನ್ನು ತಾನು ಕುಡಿಯಲಾಗಿ, ಬೆಲ್ಲ ಬೆಲ್ಲವಾಯಿತು, ಎದೆಯಲ್ಲಿ ಹಾಲುಕ್ಕಿತು. ನೀಲವ್ವ ಅಂದು ನಗಲಿಲ್ಲ. ಲೋಟ ಮಾತ್ರ ಬರಿದು ಮಾಡಿದಳು.

ಇದನ್ನು ಹೇಳಿದವರಿಗೂ ಕೇಳಿದವರಿಗೂ ಆ ಮನೆಗೆ ಬಂದ ಸವಿಯೇ ಬರಲಿ. ಕೊನೆಯ ಲೋಟ ಬೇರೆಯವರತ್ತ ನೂಕಿ ಬರೀ ಕೈಮುಗಿದವರಿಗೆ ಸವಿಯೂ ಇಲ್ಲ, ಫಲವೂ ಇಲ್ಲ.

ಅಕ್ಷತೆ ಹಾಕಿರಿ. ನನ್ನ ಚೀಲ ಕಟ್ಟಿಯಾಯಿತು, ಮತ್ತೆ ಹೊರಟೆ. ದೊಡ್ಡವ್ವ, ಇವತ್ತು ಕಲಸಿದವಳು ನೀನು. ಅವ್ವನ ಮುಂದಿರುವ ಆ ಕೊನೆಯ ಲೋಟ ಎತ್ತಿ ಕುಡಿ. ನೋಡಿಕೊಂಡೇ ಹೊಸ್ತಿಲು ದಾಟುತ್ತೇನೆ.