ಬೋರವ್ವ ಕಮಟು ಜಿಡ್ಡನ್ನು ನೀರು ದಾಟಿಸಿದ್ದು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳಿಗೆ ತಮ್ಮ ಜಾಗ ಗೊತ್ತಿರಲಿಲ್ಲ, ಹೊಳೆಗಳಿಗೆ ತಮ್ಮ ದಾರಿ ಗೊತ್ತಿರಲಿಲ್ಲ. ಆಗ ಮೊದಲ ಜೀವದ ಮೈಯೊಳಗೆ, ಕಣ್ಣಿಗೆ ಕಾಣದಷ್ಟು ಪುಟ್ಟ ಊರೊಂದಿತ್ತು. ಅದರ ಹೆಸರು ಜೀವಕೋಶ.

ಆ ಊರಿನ ಮನೆಗಳಿಗೆ ಕಲ್ಲಿನ ಗೋಡೆಯಿಲ್ಲ, ಮಣ್ಣಿನ ಗೋಡೆಯೂ ಇಲ್ಲ. ಜಿಡ್ಡಿನ ಹನಿಗಳೇ ಒತ್ತಾಗಿ ನಿಂತು ಗೋಡೆಯಾಗಿದ್ದವು. ಮನೆಮನೆಯ ನಡುವೆ ನೀರು. ಜಿಡ್ಡು ನೀರಿಗೆ ಇಳಿಯುತ್ತಿರಲಿಲ್ಲ, ನೀರು ಜಿಡ್ಡನ್ನು ಸೇರಿಸುತ್ತಿರಲಿಲ್ಲ.

ಒಂದು ದಿನ ಉಸಿರುಗಾಳಿ ಬಂತು. ಒಲೆಗಳು ಧಗಧಗ ಉರಿದವು, ಊರಿಗೆ ಹೊಸ ಕಸುವು ಬಂತು. ಆದರೆ ಗಾಳಿ ಸೋಕಿದಲ್ಲಿ ಜಿಡ್ಡಿನ ಹನಿಗೆ ಕಮಟು ಹಿಡಿಯಿತು. ಕಮಟಾದ ಹನಿ ಪಕ್ಕದ ಹನಿಯನ್ನು ಸುಟ್ಟಿತು. ಅದು ಅದರ ಪಕ್ಕದ್ದನ್ನು ಸುಟ್ಟಿತು. ಗೋಡೆ ಸೋರತೊಡಗಿತು.

ಆ ಊರಲ್ಲಿ ಬೋರವ್ವ ಎಂಬುವಳಿದ್ದಳು. ಪ್ರೋಟೀನ್ ಕುಲದವಳು, ಹೊರೆ ಹೊರುವುದೇ ಅವಳ ಕೆಲಸ. ನೀರಿನಾಚೆ, ಕೆಟ್ಟದ್ದನ್ನೆಲ್ಲ ಕರಗಿಸುವ ಮನೆಯಲ್ಲಿ ಸಣ್ಣೀರಪ್ಪನೆಂಬ ಮುದುಕನಿದ್ದ. ಎಂಥ ಕಮಟನ್ನಾದರೂ ತಣಿಸಬಲ್ಲವನು ಅವನೊಬ್ಬನೇ ಎಂದು ಅವಳಿಗೆ ಗೊತ್ತಿತ್ತು.

ಸುಟ್ಟ ಹನಿಯೊಂದನ್ನು ಗೋಡೆಯಿಂದ ಕಿತ್ತು, ಎದೆಗವಚಿಕೊಂಡು ಬೋರವ್ವ ನೀರಿಗಿಳಿದಳು. ನೀರು ಅವಳನ್ನು ಹಿಂದಕ್ಕೆ ತಳ್ಳಿತು.

"ನನಗೂ ಜಿಡ್ಡಿಗೂ ಆಗಿಬರಲ್ಲ ಕಣವ್ವ. ಅದನ್ನ ಹೊತ್ಕೊಂಡು ಬರಬೇಡ" ಎಂದಿತು.

ತಲೆಯ ಮೇಲೆ ಹೊತ್ತು ಬಂದಳು, ನೀರು ತಳ್ಳಿತು. ಬೆನ್ನಿಗೆ ಕಟ್ಟಿಕೊಂಡು ಬಂದಳು, ಆಗಲೂ ತಳ್ಳಿತು. ಅಷ್ಟರಲ್ಲಿ ಗೋಡೆಯ ಬಿರುಕು ಅಗಲವಾಗಿತ್ತು. ಒಳಗಿನವರು ಒಲೆ ಆರಿ ನಡುಗುತ್ತ ಕೂತಿದ್ದರು. ಬೋರವ್ವನಿಗೆ ಅಳು ಬಂತು. ಆದರೂ ಹೊರೆ ಬಿಡಲಿಲ್ಲ.

ನೀರು ಮುನಿಯುವುದು ತನ್ನನ್ನು ಮುಟ್ಟಿದ ಜಿಡ್ಡಿನ ಮೇಲೆ ಮಾತ್ರ ಎಂದು ಅವಳಿಗೆ ಆಗ ಹೊಳೆಯಿತು. ಅವಳು ತನ್ನ ಮೈಯನ್ನೇ ಮಡಿಚತೊಡಗಿದಳು. ಜಿಡ್ಡಿಗೆ ಒಗ್ಗುವ ಭಾಗ ಒಳಗೆ, ನೀರಿಗೆ ಒಗ್ಗುವ ಭಾಗ ಹೊರಗೆ. ಮೂಳೆ ಮುರಿದಂಥ ನೋವಾದರೂ ಮಡಿಚಿದಳು. ನಡುವೆ ಒಂದು ಮಡಿಲಾಯಿತು. ಹನಿಯನ್ನು ಅದರೊಳಗಿಟ್ಟು, ಕೈಯಿಂದ ಮುಚ್ಚಿ ನಡೆದಳು. ಈ ಸಲ ನೀರು ತಾನಾಗಿ ದಾರಿ ಬಿಟ್ಟಿತು.

ನಡುದಾರಿಯಲ್ಲಿ ಹನಿ ಮಡಿಲನ್ನೇ ಸುಡತೊಡಗಿತು. ಪಕ್ಕದಲ್ಲೇ ಬೇರೊಂದು ಮನೆಯ ಗಟ್ಟಿ ಗೋಡೆಯಿತ್ತು. ಇಷ್ಟು ಸಂಕಟ ಯಾಕೆ, ಇಲ್ಲೇ ಇಳಿಸಿ ಮನೆಗೆ ಹೋಗು ಎಂದು ಮರುಗಿತು ನೀರು.

"ಇಲ್ಲಿ ಇಳಿಸಿದರೆ ನನಗೆ ಹಗುರ, ಇವರ ಗೋಡೆಗೆ ಬೆಂಕಿ" ಎಂದಳು ಬೋರವ್ವ. "ಇಳಿಸೋ ಜಾಗದಲ್ಲೇ ಇಳಿಸ್ತೀನಿ."

ಹಲ್ಲು ಕಚ್ಚಿ ನಡೆದಳು. ಸಣ್ಣೀರಪ್ಪ ಬಾಗಿಲು ತೆಗೆದು ಹನಿಯನ್ನು ತಣಿಸಿದ. ಕರಕಲಾದ ಅವಳ ಮಡಿಲು ಕಂಡು, ಸ್ವಲ್ಪ ಕೂತು ಹೋಗು ತಾಯಿ ಎಂದ. ಅವಳು ಕೂರಲಿಲ್ಲ. ಬಿರುಕು ತುಂಬಲು ಒಳ್ಳೆಯ ಹನಿಯೊಂದನ್ನು ಇಸಿದುಕೊಂಡು ಹಿಂದಿರುಗಿದಳು. ಮತ್ತೆ ಸುಟ್ಟದ್ದನ್ನು ಹೊತ್ತಳು, ಮತ್ತೆ ಒಳ್ಳೆಯದನ್ನು ತಂದಳು. ನೋಡುತ್ತ ಕೂತಿದ್ದ ಅವಳ ಅಕ್ಕತಂಗಿಯರೂ ಎದ್ದು ಮೈ ಮಡಿಚುವುದನ್ನು ಕಲಿತರು. ಗೋಡೆ ನಿಂತಿತು. ಒಲೆಗಳು ಮತ್ತೆ ಹೊತ್ತಿದವು.

ನಮ್ಮೆಲ್ಲರ ಮೈಯೊಳಗಿನ ಅಂಥ ಊರುಗಳಲ್ಲಿ ಉಸಿರುಗಾಳಿ ಇಂದಿಗೂ ನಿಂತಿಲ್ಲ, ಹೊರುವವರೂ ನಿಂತಿಲ್ಲ. ಅದಕ್ಕೇ ಕಂದಾ, ಡಬ್ಬಿಯಲ್ಲಿಟ್ಟ ಕೊಬ್ಬರಿ ಹೊರುವವರಿಲ್ಲದೆ ಮಳೆಗಾಲ ಕಳೆಯುವಷ್ಟರಲ್ಲಿ ಕಮಟಾದರೂ, ಇಷ್ಟು ವರ್ಷ ಉಸಿರಾಡಿದ ಅಜ್ಜಿಯ ಕೆನ್ನೆಗೆ ಮೂಗು ಒತ್ತಿದರೆ ನಿನಗೆ ಕಮಟು ವಾಸನೆ ಬರುವುದಿಲ್ಲ.