ಮೇಕೆಮರಿಯ ಪುಸ್ತಕ ಬಿಡುಗಡೆಯಾದ ದಿನ

"ಅಮ್ಮಾ, ನಾಳಿದ್ದು ನನ್ನ ಮೊದಲ ಪ್ರವಚನ. ಮುಂದಿನ ಸಾಲಿನಲ್ಲಿ ಯಾರನ್ನು ಕೂರಿಸಲಿ?" ಎಂದು ಶಿಷ್ಯ ಗುರುಮಾತೆಯನ್ನು ಕೇಳಿದ.

"ಕೂತುಕೋ. ಮೊದಲು ಒಂದು ಕತೆ ಕೇಳು" ಎಂದರು ಗುರುಮಾತೆ.

ಒಬ್ಬ ಲೇಖಕಿ ಇದ್ದಳು. ಮನೆಗೆ ಬರಲೊಲ್ಲದ ಒಂದು ಮೇಕೆಮರಿಯ ಕತೆಯನ್ನು ಮಕ್ಕಳಿಗಾಗಿ ಬರೆದಳು. ಹಸ್ತಪ್ರತಿ ಓದಿದ ದೊಡ್ಡವರೆಲ್ಲ ಹೊಗಳಿದರು. ಅವಳಿಗೆ ಸಮಾಧಾನವಾಗಲಿಲ್ಲ. ಯಾರೂ ಹೇಳದೆ, ಯಾರೂ ಹೆದರಿಸದೆ, ಒಂದು ಮಗು ತಾನಾಗಿ ಇದನ್ನು ಓದೀತೇ? ಊಟಕ್ಕೆ ಕೂತಾಗಲೂ ಅವಳಿಗೆ ಅದೇ ಚಿಂತೆ.

ಪುಸ್ತಕ ಬಿಡುಗಡೆಯ ದಿನ ಬಂತು. ಪ್ರೆಸ್ಸಿನವರು ವೇದಿಕೆಗೆ ಸಾಕಾಗುವಷ್ಟು ಪ್ರತಿಗಳನ್ನು ಮಾತ್ರ ಕಳಿಸಿ, ಉಳಿದದ್ದು ನಾಳೆ ಎಂದರು. ಬಂದಷ್ಟನ್ನೂ ಬಣ್ಣದ ಕಾಗದದಲ್ಲಿ ಸುತ್ತಿ, ರಿಬ್ಬನ್ ಕಟ್ಟಿ, ಹರಿವಾಣದಲ್ಲಿ ಜೋಡಿಸಿದರು. ಅತಿಥಿಗಳು ರಿಬ್ಬನ್ ಬಿಚ್ಚಬೇಕು, ಪುಸ್ತಕವನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಫೋಟೋಗೆ ನಿಲ್ಲಬೇಕು. ಅದು ಕ್ರಮ. ಚಪ್ಪಾಳೆ ತಟ್ಟಲೆಂದು ಹತ್ತಿರದ ಶಾಲೆಯ ಮಕ್ಕಳನ್ನು ಕರೆತಂದು ಜಮಖಾನದ ಮೇಲೆ ಕೂರಿಸಿದ್ದರು. ಅವರಲ್ಲೊಬ್ಬ ಹುಡುಗಿಗೆ ರೇಷ್ಮೆ ಲಂಗ ಉಡಿಸಿ, ಕರೆದಾಗ ಹರಿವಾಣ ತಾ ಎಂದು ಪರದೆಯ ಹಿಂದೆ ನಿಲ್ಲಿಸಿದ್ದರು.

ಮೊದಲ ಅತಿಥಿ, ಈಗಿನ ಮಕ್ಕಳು ಓದುವುದೇ ಇಲ್ಲವೆಂದು ಮಕ್ಕಳ ಮುಂದೆಯೇ ಬಹಳ ಹೊತ್ತು ಮರುಗಿದರು. ಎರಡನೆಯವರು ತಮ್ಮ ಬಾಲ್ಯಕ್ಕೆ ಹೋದವರು ಬೇಗ ಹಿಂದಿರುಗಲಿಲ್ಲ. ಮಕ್ಕಳು ಒಬ್ಬರನ್ನೊಬ್ಬರು ಚಿವುಟತೊಡಗಿದರು. ಮೇಷ್ಟ್ರು ಕಣ್ಣು ಬಿಟ್ಟು ಹೆದರಿಸಿದರು.

"ಈಗ ಪುಸ್ತಕದ ಲೋಕಾರ್ಪಣೆ" ಎಂದು ನಿರೂಪಕ ಕೂಗಿದ. ಹರಿವಾಣ ಬರಲಿಲ್ಲ. ಮತ್ತೆ ಕೂಗಿದ. "ಪುಸ್ತಕದ ಜೊತೆಗೆ ಹುಡುಗಿಯೂ ಅರ್ಪಣೆಯಾದಳೋ ಏನೋ!" ಎಂದ. ಸಭೆ ನಕ್ಕಿತು. ಲೇಖಕಿ ಮುಜುಗರಪಟ್ಟು ತಾನೇ ಎದ್ದು ಪರದೆಯ ಹಿಂದೆ ಹೋದಳು.

ಬಣ್ಣದ ಕಾಗದ ನೆಲದ ಮೇಲಿತ್ತು. ಹುಡುಗಿ ಗೋಡೆಗೊರಗಿ ಕೂತು, ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದಳು.

"ಏನೇ ಇದು, ಬಿಚ್ಚಿಬಿಟ್ಟೆಯಲ್ಲೇ?"

"ಶ್! ಸುಮ್ಮನಿರಿ ಅಜ್ಜಿ. ಮರಿ ಬಾವಿಕಟ್ಟೆ ಹತ್ತಿದೆ" ಎಂದಳು ಹುಡುಗಿ, ತಲೆ ಎತ್ತದೆ. ಕತೆ ಬರೆದವಳು ಈ ಅಜ್ಜಿಯೇ ಎಂದು ಅವಳಿಗೆ ಗೊತ್ತಿರಲಿಲ್ಲ.

ಲೇಖಕಿಯ ಎದೆ ತುಂಬಿಬಂತು. ಅಷ್ಟರಲ್ಲಿ ಯಾರೋ ಪರದೆ ಸರಿಸಿ, "ಬೇಗ ಬನ್ನಿ ಮೇಡಂ, ಫೋಟೋದವರು ಹೊರಡುತ್ತಾರಂತೆ" ಎಂದರು. ಅವಳು ಹುಡುಗಿಯ ಕೈಯಿಂದ ಪುಸ್ತಕವನ್ನು ಮೆಲ್ಲಗೆ ಬಿಡಿಸಿಕೊಂಡಳು. "ಆಮೇಲೆ ಓದುವೆಯಂತೆ, ಪುಟ್ಟಿ" ಎಂದಳು. ಹರಿದ ಕಾಗದವನ್ನೇ ಸುತ್ತಿ, ರಿಬ್ಬನ್ ಬಿಗಿದಳು.

ಬಿಡುಗಡೆ ಚೆನ್ನಾಗಿಯೇ ಆಯಿತು. ಚಪ್ಪಾಳೆಯೂ ಜೋರಾಗಿತ್ತು. ಅತಿಥಿಗಳು ಶಾಲು, ಹಣ್ಣಿನ ಬುಟ್ಟಿಗಳ ಜೊತೆ ಪುಸ್ತಕಗಳನ್ನೂ ಕಾರಿನಲ್ಲಿಟ್ಟುಕೊಂಡು ಹೋದರು. ಲೇಖಕಿ ಹುಡುಗಿಯನ್ನು ಹುಡುಕುವ ಹೊತ್ತಿಗೆ ಶಾಲೆಯ ವ್ಯಾನು ಹೊರಟುಹೋಗಿತ್ತು.

ಮರುದಿನ ಪ್ರೆಸ್ಸಿನಿಂದ ಉಳಿದ ಪ್ರತಿಗಳು ಬಂದವು. ಅವಳು ಒಂದನ್ನು ತೆಗೆದುಕೊಂಡು ಶಾಲೆಗೆ ಹೋದಳು.

"ಬೇಡ ಅಜ್ಜಿ. ಆ ಕತೆ ನನಗೆ ಗೊತ್ತು" ಎಂದಳು ಹುಡುಗಿ.

"ಪೂರ್ತಿ ಓದಲೇ ಇಲ್ಲವಲ್ಲೇ ನೀನು?"

"ನೀವು ತಗೊಂಡುಬಿಟ್ಟಿರಲ್ಲ! ಅದಕ್ಕೆ ಉಳಿದದ್ದನ್ನು ನಾನೇ ಮಾಡಿಕೊಂಡೆ. ತಮ್ಮನಿಗೂ ಹೇಳಿದೆ. ಬಿದ್ದು ಬಿದ್ದು ನಕ್ಕ."

"ನಿಜವಾದ ಕೊನೆ ಇದರಲ್ಲಿದೆ, ಓದು" ಎಂದು ಲೇಖಕಿ ಪುಸ್ತಕವನ್ನು ಅವಳ ಕೈಗಿಟ್ಟು ಬಂದಳು. ಹುಡುಗಿ ಅದನ್ನು ಚೀಲದಲ್ಲಿ ಹಾಕಿ ಆಟಕ್ಕೆ ಓಡಿದಳು.

ಗುರುಮಾತೆ ಕತೆ ನಿಲ್ಲಿಸಿದರು.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಅಲ್ಲಮ್ಮಾ, ವೇದಿಕೆಯ ಮೇಲೆ ಅಷ್ಟು ದೊಡ್ಡವರು ಕಾಯುತ್ತಿರುವಾಗ, ಪಾಪ, ಅವಳಾದರೂ ಏನು ಮಾಡಬೇಕಿತ್ತು?"

"ಹುಡುಗಿಯ ಪಕ್ಕ ಕೂತು, ಮರಿ ಮುಂದೇನು ಮಾಡಿತು ಅಂತ ಕೇಳಬೇಕಿತ್ತು."